ಶಿಖರದ ಗಾಳಿ ಮತ್ತು ಶೀತ ಪರೀಷಹ

॥ ಶ್ರೀ ವೀತರಾಗಾಯ ನಮಃ ॥



ವಾರ್ಷಿಕ ಮಹೋತ್ಸವದ ಈ ಸಂಚಿಕೆಯಲ್ಲಿ ವಿದ್ವಾಂಸರು ಬರೆಯುವುದು ಯೋಗ್ಯ. ನಾನು ಮೆಟ್ರಿಕ್ ಮುಗಿಸಿ ನೂಲಿನ ವ್ಯಾಪಾರಕ್ಕೆ ಕುಳಿತವನು. ಆದರೂ ಟ್ರಸ್ಟಿನ ಹಿರಿಯರು ಪರೀಷಹಗಳ ಕುರಿತು ನಾಲ್ಕು ಮಾತು ಬರೆಯಬೇಕೆಂದು ಆಜ್ಞಾಪಿಸಿದ್ದರಿಂದ ಲೇಖನಿ ಹಿಡಿದಿದ್ದೇನೆ. ನಮ್ಮ ಜಿನಮಂದಿರದ ಪ್ರಾಂಗಣದಲ್ಲಿ ಕನ್ನಡ, ತಮಿಳು, ಗುಜರಾತಿ, ಮಾರವಾಡಿ ಎಲ್ಲವೂ ಕೇಳಿಸುತ್ತವೆ. ಣಮೋಕಾರ ಮಂತ್ರ ಪ್ರಾರಂಭವಾದೊಡನೆ ಭಾಷೆ ಒಂದೇ ಆಗುತ್ತದೆ. ಈ ಲೇಖನವನ್ನು ಓದಬಲ್ಲ ಕನ್ನಡದ ಬಂಧುಗಳು ಪಕ್ಕದ ಮನೆಯವರಿಗೂ ಅರ್ಥ ಹೇಳಬೇಕೆಂದು ಮೊದಲೇ ವಿನಂತಿಸುತ್ತೇನೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ವಾಸಿಸುವ ನಮಗೆ ಗಾಳಿಯ ಪರಿಚಯ ಹೇಳಿಕೊಡಬೇಕಾಗಿಲ್ಲ. ಆಡಿ ಮಾಸದ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆಂದು ತಮಿಳು ಬಂಧುಗಳು ಹೇಳುತ್ತಾರೆ. ಉತ್ತರದಲ್ಲಿ ನೀಲಗಿರಿ, ದಕ್ಷಿಣದಲ್ಲಿ ಆನೈಮಲೈ. ಇವೆರಡರ ನಡುವೆ ಪಶ್ಚಿಮಘಟ್ಟದ ಗೋಡೆ ಒಡೆದಂತಿರುವ ಪಾಲಕ್ಕಾಡಿನ ಕಣಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇರಳದ ಮುಂಗಾರಿನ ಗಾಳಿ ಆ ಬಾಗಿಲಿನಿಂದ ನುಗ್ಗಿ ನಮ್ಮ ಕಡೆಗೆ ಬೀಸುತ್ತದೆ. ಪಲ್ಲಡಂ, ಉಡುಮಲೈಪೇಟೆಗಳ ಬಯಲಿನಲ್ಲಿ ನಿಂತಿರುವ ಸಾಲು ಸಾಲು ಗಾಳಿಯಂತ್ರಗಳು ತಿರುಗುವುದು ಆ ಗಾಳಿಯಿಂದಲೇ. ಆದರೆ ಬಯಲಿನ ಗಾಳಿ ಧೂಳನ್ನಷ್ಟೇ ಎಬ್ಬಿಸುತ್ತದೆ. ಅದೇ ಗಾಳಿ ಶಿಖರದಲ್ಲಿ ಮನುಷ್ಯನನ್ನು ಪರೀಕ್ಷಿಸುತ್ತದೆ.

ನಗರದ ಪಶ್ಚಿಮದಲ್ಲಿರುವ ವೆಳ್ಳಿಯಂಗಿರಿಯನ್ನು ಶೈವ ಬಂಧುಗಳು ದಕ್ಷಿಣ ಕೈಲಾಸವೆಂದು ಪೂಜಿಸುತ್ತಾರೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬಿದಿರಿನ ಕೋಲು ಹಿಡಿದು, ಪೂಂಡಿಯಿಂದ ರಾತ್ರಿಯಿಡೀ ಏಳು ಬೆಟ್ಟಗಳನ್ನು ಏರುತ್ತಾರೆ. ಅವರ ಭಕ್ತಿ ಗೌರವಕ್ಕೆ ಅರ್ಹವಾದುದು. ಕೈಲಾಸವೆಂಬ ಶಬ್ದವನ್ನು ಕೇಳಿದರೆ ನಮಗೂ ರೋಮಾಂಚನವಾಗುತ್ತದೆ. ಆದಿನಾಥ ಸ್ವಾಮಿಯ ನಿರ್ವಾಣಭೂಮಿ ಕೈಲಾಸವಲ್ಲವೇ? ಅದನ್ನೇ ಅಷ್ಟಾಪದವೆಂದೂ ಕರೆಯುತ್ತೇವೆ. ನಮ್ಮ ಮನೆಗಳ ತರುಣರೂ ಈಗ ಗೆಳೆಯರ ಜೊತೆ ವೆಳ್ಳಿಯಂಗಿರಿಯನ್ನು ಏರುತ್ತಿರುವುದರಿಂದ ಈ ಮಾತನ್ನು ಎತ್ತಿದೆ. ಶಿಖರ ಸುಮಾರು 6,000 ಅಡಿ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಕೊಯಮತ್ತೂರಿಗಿಂತ ಅಲ್ಲಿ ಎಂಟು ಒಂಬತ್ತು ಡಿಗ್ರಿ ಕಡಿಮೆ. ಅದರ ಮೇಲೆ ಗಾಳಿ. ನಮ್ಮ ದೇಹ ತನ್ನ ಚರ್ಮದ ಸುತ್ತ ತೆಳುವಾದ ಬೆಚ್ಚನೆಯ ಗಾಳಿಯ ಹೊದಿಕೆಯನ್ನು ಮಾಡಿಕೊಂಡಿರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಹತ್ತು ಡಿಗ್ರಿಯ ಹವೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಗೆ ನಿಂತವನಿಗೆ ಆರು ಡಿಗ್ರಿಯ ಚಳಿಯ ಅನುಭವವಾಗುತ್ತದೆ.

ಈಗ ಶಾಸ್ತ್ರದ ವಿಷಯಕ್ಕೆ ಬರೋಣ. ದಿಗಂಬರರು ಉಮಾಸ್ವಾಮಿಗಳೆಂದೂ ಶ್ವೇತಾಂಬರರು ಉಮಾಸ್ವಾತಿಗಳೆಂದೂ ಕರೆಯುವ ಆಚಾರ್ಯರ ತತ್ತ್ವಾರ್ಥಸೂತ್ರ ಎರಡೂ ಪರಂಪರೆಗಳಿಗೆ ಮಾನ್ಯ. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ಪರೀಷಹಗಳನ್ನು ಹೇಳಲಾಗಿದೆ. ಹಸಿವು, ಬಾಯಾರಿಕೆ, ಮೂರನೆಯದು ಶೀತ, ನಾಲ್ಕನೆಯದು ಉಷ್ಣ. ಅವುಗಳನ್ನು ಸಹಿಸಬೇಕಾದುದು ಏಕೆ? ಮಾರ್ಗದಿಂದ ಜಾರದಿರುವುದಕ್ಕೆ ಮತ್ತು ಕರ್ಮನಿರ್ಜರೆಗೆ. ಒಬ್ಬರಿಗೆ ಏಕಕಾಲದಲ್ಲಿ ಹೆಚ್ಚೆಂದರೆ ಹತ್ತೊಂಬತ್ತು ಪರೀಷಹಗಳು ಬರಬಹುದೆಂದು ಆಚಾರ್ಯರು ಲೆಕ್ಕವನ್ನೂ ಕೊಟ್ಟಿದ್ದಾರೆ. ವ್ಯಾಪಾರಿಯಾದ ನನಗೆ ಈ ಲೆಕ್ಕ ಬಹಳ ಪ್ರಿಯ. ಚಳಿ ಇದ್ದಾಗ ಸೆಕೆ ಇಲ್ಲ, ಆದ್ದರಿಂದ ಒಂದು ಕಳೆಯಿತು. ನಡೆಯುವುದು, ಕುಳಿತಿರುವುದು, ಮಲಗುವುದು ಇವು ಮೂರರಲ್ಲಿ ಒಂದು ಮಾತ್ರ ಸಾಧ್ಯವಾದ್ದರಿಂದ ಇನ್ನೆರಡು ಕಳೆದವು. ಉಳಿದದ್ದು ಹತ್ತೊಂಬತ್ತು. ಇಷ್ಟು ಕಟ್ಟುನಿಟ್ಟಾಗಿ ಕಷ್ಟವನ್ನು ಎಣಿಸಿದ ಧರ್ಮ ಕಷ್ಟವನ್ನು ವೈಭವೀಕರಿಸುವ ಧರ್ಮವಲ್ಲ ಎಂದು ನನ್ನ ನಂಬಿಕೆ.

ಕನ್ನಡ ನಾಡನ್ನು ಬೆಳಗಿದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಶೀತ ಪರೀಷಹವನ್ನು ವಿವರಿಸುವಾಗ ಮುನಿಯನ್ನು ಪಕ್ಷಿಗೆ ಹೋಲಿಸುತ್ತಾರೆ. ಮೈಮೇಲೆ ಹೊದಿಕೆಯಿಲ್ಲ, ಇಂಥದೇ ಮನೆಯೆಂಬ ನಿಶ್ಚಯವಿಲ್ಲ. ಮರದ ಬುಡವೋ ದಾರಿಯೋ ಬಂಡೆಯೋ ಸಿಕ್ಕಿದ ಕಡೆ ಹಿಮವೂ ತಣ್ಣನೆಯ ಗಾಳಿಯೂ ಬಂದು ಬಡಿಯುತ್ತವೆ. ಅಲ್ಲಿ ಅವರು ಹೇಳುವ ಒಂದು ಸೂಕ್ಷ್ಮವನ್ನು ಬಂಧುಗಳು ಗಮನಿಸಬೇಕು. ಹಿಂದೆ ಗೃಹಸ್ಥನಾಗಿದ್ದಾಗ ಚಳಿಗೆ ಬಳಸಿದ ಬೆಚ್ಚನೆಯ ವಸ್ತುಗಳನ್ನು ಆ ಮುನಿ ನೆನಪಿಸಿಕೊಳ್ಳುವುದೂ ಇಲ್ಲ. ಚಳಿಯಲ್ಲಿ ಅರ್ಧ ಚಳಿ ನೆನಪಿನದು. ಶಿಖರದಲ್ಲಿ ನಡುಗುವವನು ಮನೆಯ ಕಂಬಳಿಯನ್ನು ನೆನೆದಷ್ಟೂ ಹೆಚ್ಚು ನಡುಗುತ್ತಾನೆ. ಮುನಿಯಾದರೋ ಜ್ಞಾನಭಾವನೆಯೆಂಬ ಒಳಮನೆಯಲ್ಲಿ ವಾಸಿಸುತ್ತಾನೆ.

ಹಾಗಾದರೆ ನಾವೂ ಹೊದಿಕೆ ಬಿಟ್ಟು ಬೆಟ್ಟ ಹತ್ತಿದರೆ ಪರೀಷಹಜಯವಾಯಿತೇ? ಆಗಲಿಲ್ಲ. ತಾನಾಗಿ ಬಂದೆರಗಿದ್ದು ಪರೀಷಹ, ತಾನೇ ಕೈಗೊಂಡದ್ದು ಕಾಯಕ್ಲೇಶ ಎಂದು ಅದೇ ಆಚಾರ್ಯರು ಭೇದ ಹೇಳುತ್ತಾರೆ. ಕಾಯಕ್ಲೇಶವೂ ಬಾಹ್ಯತಪಗಳಲ್ಲಿ ಒಂದು, ಆದರೆ ಅದಕ್ಕೆ ಮಿತಿಯುಂಟು. ಷೋಡಶಕಾರಣ ಭಾವನೆಗಳನ್ನು ಪೂಜೆಯಲ್ಲಿ ಪ್ರತಿವರ್ಷ ಹೇಳುತ್ತೇವೆ; ಅದರಲ್ಲಿ ಬರುವುದು ಶಕ್ತಿತಸ್ತ್ಯಾಗ, ಶಕ್ತಿತಸ್ತಪ. ತನ್ನ ಶಕ್ತಿಯನ್ನು ಬಚ್ಚಿಡದೆ, ತನ್ನ ಶಕ್ತಿಯನ್ನು ಮೀರದೆ. ಎದೆನೋವನ್ನು ಮಕ್ಕಳಿಂದ ಮುಚ್ಚಿಟ್ಟು, ಉಪವಾಸವಿದ್ದು, ನೀರೂ ಕುಡಿಯದೆ ತೀರ್ಥದ ಬೆಟ್ಟ ಹತ್ತುವ ಹಿರಿಯರನ್ನು ನಾನು ನೋಡಿದ್ದೇನೆ. ಅವರ ಶ್ರದ್ಧೆಗೆ ಕೈಮುಗಿಯುತ್ತೇನೆ, ಆದರೆ ಒಪ್ಪುವುದಿಲ್ಲ. 2024ರ ಯಾತ್ರಾಕಾಲದಲ್ಲಿ ವೆಳ್ಳಿಯಂಗಿರಿಯನ್ನು ಏರಿದವರಲ್ಲಿ ಹಲವರು ದಾರಿಯಲ್ಲೇ ಪ್ರಾಣಬಿಟ್ಟರು. ಹೃದ್ರೋಗ, ಉಸಿರಾಟದ ತೊಂದರೆ ಇರುವವರು ಹತ್ತಬಾರದೆಂಬ ಎಚ್ಚರಿಕೆಯನ್ನು ಲಘುವಾಗಿ ಕಾಣಬಾರದು.

ಇಲ್ಲಿ ನನ್ನ ಕಸುಬಿನ ಒಂದು ಮಾತು. ತಿರುಪ್ಪೂರಿನ ಹತ್ತಿ ಬನಿಯನ್ನಿಗೆ ಸೆಕೆಯಲ್ಲಿ ಸಮಾನವಾದುದಿಲ್ಲ. ಆದರೆ ಬೆಟ್ಟದಲ್ಲಿ ಅದೇ ಶತ್ರುವಾಗುತ್ತದೆ. ಹತ್ತುವಾಗ ಬೆವರನ್ನೆಲ್ಲ ಹೀರಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ; ಮೇಲೆ ನಿಂತೊಡನೆ ಗಾಳಿ ಆ ಒದ್ದೆಯನ್ನು ಮಂಜಿನಂತೆ ಮೈಗೆ ಹಚ್ಚುತ್ತದೆ. ಒಂದು ಒಣ ಬನಿಯನ್ನನ್ನು ಚೀಲದಲ್ಲಿ ಒಯ್ದು, ಶಿಖರಕ್ಕೆ ಸ್ವಲ್ಪ ಮೊದಲೇ ಮರೆಯಲ್ಲಿ ಬದಲಾಯಿಸಿಕೊಂಡರೆ ಚಳಿಯ ಬಹುಭಾಗ ಅಲ್ಲಿಯೇ ಕಳೆಯುತ್ತದೆ. ಬನಿಯನ್ ಮಾರುವವರು ಇದನ್ನು ಹೇಳುವುದಿಲ್ಲ, ನಾನು ಹೇಳಿದ್ದೇನೆ.

ಶಿಖರದಲ್ಲಿ ವಾಸಿಸಿದ ನಮ್ಮ ಮುನಿಗಳನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕೊಳುಮಂ ಕಡೆಯಿಂದ ಪಳನಿಗೆ ಹೋಗುವ ದಾರಿಯಲ್ಲಿ ಐವರ್‌ಮಲೈ ಎಂಬ ಗುಡ್ಡವಿದೆ. ಶಾಸನದಲ್ಲಿ ಅದರ ಹೆಸರು ತಿರುವಯಿರೈ. ಬಂಡೆಯ ಚಾಚಿನ ಕೆಳಗೆ ಚಿಕ್ಕ ಚಿಕ್ಕ ತೀರ್ಥಂಕರ ಮೂರ್ತಿಗಳು ಸಾಲಾಗಿವೆ. ಶಕವರ್ಷ 792, ಅಂದರೆ ಕ್ರಿ.ಶ. 870ರ, ಪಾಂಡ್ಯ ವರಗುಣನ ಕಾಲದ ಶಾಸನವೊಂದು ಅಲ್ಲಿದೆ. ಗುಣವೀರ ಗುರುಗಳ ಶಿಷ್ಯರಾದ ಶಾಂತಿವೀರ ಗುರುಗಳು ಪಾರ್ಶ್ವ ಭಟಾರರ ಮತ್ತು ಯಕ್ಷಿಯ ಮೂರ್ತಿಗಳನ್ನು ಜೀರ್ಣೋದ್ಧಾರ ಮಾಡಿಸಿ, ಪೂಜೆಗೆ 505 ಕಾಣಂ ಚಿನ್ನವಿಟ್ಟ ದಾನವನ್ನು ಅದು ಹೇಳುತ್ತದೆ. 870ರಲ್ಲಿಯೇ ಜೀರ್ಣೋದ್ಧಾರ ಬೇಕಾಯಿತೆಂದರೆ ಮೂಲಮೂರ್ತಿಗಳು ಇನ್ನೆಷ್ಟು ಹಳೆಯವು! ಆಡಿಯ ಗಾಳಿ ಆಗಲೂ ಬೀಸಿರಲೇಬೇಕು. ಪಳನಿಗೆ ಕಾರಿನಲ್ಲಿ ಹೋಗುವ ನಮ್ಮ ಕುಟುಂಬಗಳು ಅಲ್ಲಿ ಒಂದು ಗಂಟೆ ಇಳಿಯಬಾರದೇ?

ಗಾಳಿ ಚಳಿ ಎಂದಾಗ ಬಾಹುಬಲಿ ಸ್ವಾಮಿಯನ್ನು ನೆನೆಯದೆ ಇರಲಾಗದು. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರು. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಬೇಸಿಗೆ, ಮಳೆ, ಮಾಗಿ ಎಲ್ಲವೂ ಬಂದು ಹೋದವು. 981ರಲ್ಲಿ ಚಾವುಂಡರಾಯನು ಮಾಡಿಸಿದ 58 ಅಡಿಯ ಮೂರ್ತಿಯೂ ವಿಂಧ್ಯಗಿರಿಯ ತುದಿಯಲ್ಲಿ ಮಾಡಿಲ್ಲದೆ ಸಾವಿರ ವರ್ಷ ಗಾಳಿಗೆ ಒಡ್ಡಿಕೊಂಡು ನಿಂತಿದೆ. ಆದರೆ ಅಂಥ ಶೀತವನ್ನು ಗೆದ್ದ ಮೇಲೂ ಕೇವಲಜ್ಞಾನ ಏಕೆ ತಡವಾಯಿತು? ನಿಂತ ನೆಲ ಭರತನದೆಂಬ ಒಂದು ಅಳುಕು ಉಳಿದಿತ್ತೆಂದು ನಮ್ಮ ಕನ್ನಡ ಮನೆಗಳಲ್ಲಿ ಹೇಳುತ್ತಾರೆ. ಭರತನು ಬಂದು ಪೂಜಿಸಿದಾಗ ಅದು ಕರಗಿತು. ಮೊದಲೇ ದೀಕ್ಷೆ ಪಡೆದ ತಮ್ಮಂದಿರಿಗೆ ವಂದಿಸಬೇಕಲ್ಲಾ ಎಂಬ ಮಾನ ಉಳಿದಿತ್ತು, ಸೋದರಿಯರಾದ ಬ್ರಾಹ್ಮೀ ಸುಂದರಿಯರು ಬಂದು ಆನೆಯಿಂದ ಇಳಿಯೆಂದರು ಎಂದು ಗುಜರಾತಿ, ಮಾರವಾಡಿ ಮನೆಗಳಲ್ಲಿ ಹೇಳುತ್ತಾರೆ. ಕಥೆ ಎರಡು ಬಗೆ. ಚರ್ಮಕ್ಕೆ ತಾಗಿದ ಚಳಿಗಿಂತ ಒಳಗಿನ ಎಳೆ ಗಟ್ಟಿ ಎಂಬುದರಲ್ಲಿ ಮಾತ್ರ ಎರಡೂ ಒಂದೇ.

ಈ ಎಳೆ ನನ್ನಲ್ಲಿಯೂ ಇತ್ತೆಂದು ತಿಳಿದದ್ದು ಸಮ್ಮೇದ ಶಿಖರ್ಜಿಯಲ್ಲಿ, 2009ರ ಜನವರಿಯಲ್ಲಿ. ಇಪ್ಪತ್ತು ತೀರ್ಥಂಕರರು ಮುಕ್ತರಾದ ಆ ಪರ್ವತ 1,365 ಮೀಟರ್ ಎತ್ತರ. ಹತ್ತಲು 9, ಮೇಲೆ ವಂದನೆಗೆ 9, ಇಳಿಯಲು 9, ಒಟ್ಟು 27 ಕಿಲೋಮೀಟರ್ ನಡಿಗೆ. ನಾನು ನಡೆದು ಹತ್ತುವುದೆಂದೂ, ಎಪ್ಪತ್ತಾರು ವರ್ಷದ ತಾಯಿಗೆ ಡೋಲಿಯೆಂದೂ ನಿಶ್ಚಯವಾಯಿತು. ಮಧುಬನದಲ್ಲಿ ಹಿಂದಿನ ಸಂಜೆ ಡೋಲಿಯವರೊಡನೆ ದರಕ್ಕೆ ಚೌಕಾಸಿ ಮಾಡಿದೆ. ತಾಯಿಯ ತೂಕ ಕಡಿಮೆಯೆಂದು ವಾದಿಸಿ ಇನ್ನೂರು ರೂಪಾಯಿ ಇಳಿಸಿದೆ. ಅಂಗಡಿಯ ಅಭ್ಯಾಸ ಅದು, ಗೆದ್ದೆನೆಂದು ಸಂತೋಷವೂ ಆಯಿತು.

ರಾತ್ರಿ ಎರಡು ಗಂಟೆಗೆ ಹೊರಟೆವು. ಕೊನೆಗೆ ಪಾರ್ಶ್ವನಾಥ ಸ್ವಾಮಿಯ ಸುವರ್ಣಭದ್ರ ಕೂಟಕ್ಕೆ ಬಂದಾಗ ಗಾಳಿ ಮುಖವನ್ನು ಕೊಯ್ಯುತ್ತಿತ್ತು. ಕಮಠನ ಜೀವನು ಏಳು ದಿನ ಬಿರುಗಾಳಿ, ಮಳೆ, ಕಲ್ಲುಗಳಿಂದ ಉಪಸರ್ಗ ಮಾಡಿದರೂ ಅವನ ಮೇಲೆ ದ್ವೇಷವನ್ನಾಗಲಿ, ಹೆಡೆಯೆತ್ತಿದ ಧರಣೇಂದ್ರನ ಮೇಲೆ ರಾಗವನ್ನಾಗಲಿ ತೋರದ ಸ್ವಾಮಿಯ ಚರಣಗಳು ಆ ಪರ್ವತದ ಅತ್ಯುನ್ನತ ಸ್ಥಳದಲ್ಲಿವೆ. ನಾನು ಸ್ವೆಟರು, ಮಂಕಿ ಟೋಪಿ, ಶಾಲು ಎಲ್ಲ ಹೊದ್ದು, ಶೀತ ಪರೀಷಹವನ್ನು ಸಹಿಸುತ್ತಿದ್ದೇನೆಂದು ಜೊತೆಗಾರರಿಗೆ ಹೇಳಿಕೊಳ್ಳುತ್ತಿದ್ದೆ. ತಾಯಿ ಡೋಲಿಯಿಂದಿಳಿದು ದರ್ಶನ ಮಾಡಿದರು. ಹಿಂತಿರುಗಿ ಬಂದು, ಕಟ್ಟೆಯ ಮರೆಯಲ್ಲಿ ಕುಳಿತಿದ್ದ ಹೊರುವವನನ್ನು ನೋಡಿದರು. ಬೆವರಿಗೆ ಒದ್ದೆಯಾದ ಹತ್ತಿಯ ಅಂಗಿ, ಕಿವಿಗೆ ಸುತ್ತಿದ ಒಂದು ಟವೆಲು. ಹಲ್ಲು ಕಟಕಟಿಸುತ್ತಿದ್ದವು. ತಾಯಿಗೆ ಹಿಂದಿ ಬಾರದು. ತಮ್ಮ ಶಾಲನ್ನು ತೆಗೆದು, "ತಗೊಳ್ಳಪ್ಪಾ" ಎಂದು ಕನ್ನಡದಲ್ಲೇ ಹೇಳಿ ಅವನ ಹೆಗಲಿಗೆ ಹಾಕಿದರು.

"ಅಮ್ಮಾ, ನಿನಗೆ ಚಳಿಯಾಗುತ್ತದೆ" ಎಂದೆ.

"ಇಳಿಯುವಾಗ ಬಿಸಿಲು ಬರುತ್ತದೆ, ಮಗಾ. ಅವನು ನಾಳೆಯೂ ಹತ್ತಬೇಕು" ಎಂದರು.

ನನ್ನ ಶಾಲನ್ನು ತಾಯಿಗೆ ಹೊದಿಸಿದೆ. ಆಮೇಲೆ ಜೊತೆಗಾರರೊಡನೆ ಮಾತಾಡಲಿಲ್ಲ. ಕೆಳಗೆ ಬಂದು, ಇಳಿಸಿದ್ದ ಇನ್ನೂರನ್ನು ಸೇರಿಸಿ ಇನ್ನಷ್ಟು ಕೊಟ್ಟೆ. ಅವನು ಎಣಿಸದೆ ಜೇಬಿಗೆ ಹಾಕಿಕೊಂಡು, ತಾಯಿಯ ಕಡೆಗೆ ತಿರುಗಿ ಕೈಮುಗಿದು ಹೋದ. ನನ್ನ ಕಡೆ ನೋಡಲಿಲ್ಲ. ತಾಯಿ ಈಗಿಲ್ಲ. ಈ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಬರುವ ಮಾಗಿಯಲ್ಲಿ ಶಿಖರ್ಜಿಗೆ ಹೊರಡುವ ಬಂಧುಗಳು ಮನೆಯಲ್ಲಿರುವ ಒಳ್ಳೆಯ ಸ್ಥಿತಿಯ ಸ್ವೆಟರು, ಕಂಬಳಿಗಳನ್ನು ಒಗೆದು ಮಡಚಿ ಮಂದಿರದ ಕಚೇರಿಗೆ ತಲುಪಿಸಬೇಕಾಗಿ ಪ್ರಾರ್ಥನೆ. ಹರಿದವು ಬೇಡ. ಗಂಟು ಎಷ್ಟೇ ತೂಕವಾದರೂ ಮಧುಬನದವರೆಗೆ ಸಾಗಿಸುವ ಖರ್ಚು ನನ್ನದು.