ಅನ್ಯರ ಹಬ್ಬದಲ್ಲಿ ಅತಿಥಿಯ ಧರ್ಮ

ಅನ್ಯರ ಹಬ್ಬದಲ್ಲಿ ಹೊರಗಿನವನಿಗೆ ಎಷ್ಟು ಅಧಿಕಾರವುಂಟು? ನಂಬಿಕೆಯಿಲ್ಲದೆ ಅವರ ಆಚರಣೆಯಲ್ಲಿ ಪಾಲುಗೊಂಡರೆ ಅದು ನಟನೆಯಾಗುವುದಿಲ್ಲವೆ? ದೂರದಲ್ಲಿ ನಿಂತು ನೋಡಿದರೆ ಅನಾದರವಾಗುವುದಿಲ್ಲವೆ? ಈ ಪ್ರಶ್ನೆಯನ್ನು ವಿಚಾರಿಸಲು ಥಾಯ್ಲೆಂಡ್ ದೇಶದ ಹೊಸವರ್ಷದ ಹಬ್ಬವು ತಕ್ಕ ನಿದರ್ಶನವಾಗಿದೆ.

ಆ ಹಬ್ಬದ ಹೆಸರು ಸೊಂಗ್‌ಕ್ರಾನ್. ಸಂಸ್ಕೃತದ 'ಸಂಕ್ರಾಂತಿ' ಶಬ್ದವೇ ಥಾಯಿ ಜನರ ನಾಲಗೆಯಲ್ಲಿ ಈ ರೂಪವನ್ನು ತಾಳಿದೆ. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಕಾಲದ ಹಬ್ಬವಿದು; ಕಾಸರಗೋಡು ಸೀಮೆಯ ಬಿಸು ಹಬ್ಬವೂ ಇದೇ ಸಂಕ್ರಮಣದ್ದು. 1941ರಿಂದ ಆ ದೇಶದ ಸರಕಾರಿ ವರ್ಷವು ಜನವರಿ 1ರಂದು ಆರಂಭವಾಗುತ್ತಿದ್ದರೂ ಏಪ್ರಿಲ್ 13ರಿಂದ 15ರ ವರೆಗಿನ ಈ ಹಬ್ಬವನ್ನು ಜನರು ಕೈಬಿಟ್ಟಿಲ್ಲ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊರಗಿನವನ ಕಣ್ಣಿಗೆ ಮೊದಲು ಬೀಳುವುದು ಬೀದಿಯ ನೀರಾಟ. ಚಿಯಾಂಗ್ ಮಾಯ್ ನಗರದಲ್ಲಿ ಹಳೆಯ ಕಂದಕದ ಸುತ್ತ ಜನರು ನೆರೆದು, ಗುರುತು ಪರಿಚಯವಿಲ್ಲದವರನ್ನೂ ತೋಯಿಸುತ್ತಾರೆ. ಈ ಆಟಕ್ಕೆ ಎಲ್ಲರಿಗೂ ಆಹ್ವಾನವುಂಟು. ಆದರೆ ಮನೆಯೊಳಗೆ ನೀರಿನ ನಡೆಯೇ ಬೇರೆ. ಕಿರಿಯರು ಮಲ್ಲಿಗೆಯ ಹೂ ತೇಲಿಸಿದ ಸುಗಂಧಜಲವನ್ನು ಹಿರಿಯರ ಅಂಗೈಗಳ ಮೇಲೆ ಮೆಲ್ಲನೆ ಎರೆದು, ಕಳೆದ ವರ್ಷದ ತಪ್ಪುಗಳಿಗೆ ಕ್ಷಮೆ ಬೇಡಿ, ಆಶೀರ್ವಾದ ಪಡೆಯುತ್ತಾರೆ. ವಿಹಾರಗಳಲ್ಲಿ ಬುದ್ಧಮೂರ್ತಿಗೂ ಇಂಥದೇ ನೀರಿನ ಅಭಿಷೇಕ. ಬೀದಿಯಲ್ಲಿಯೂ ಭಿಕ್ಷುಗಳ ಮೇಲೆ, ವೃದ್ಧರ ಮೇಲೆ ನೀರೆರಚುವುದು ಸಲ್ಲದು. ಸಲಿಗೆ ಎಲ್ಲಿ, ವಿನಯ ಎಲ್ಲಿ ಎಂಬುದನ್ನು ಮನೆಯವರಿಂದ ಕೇಳಿ ತಿಳಿಯುವುದು ಅತಿಥಿಯ ಮೊದಲ ಪಾಠ.

ಹಾಗಾದರೆ, ಬುದ್ಧನಿಗೆ ಶರಣುಹೋಗದವನು ಆ ನೀರನ್ನು ಎರೆಯಬಹುದೆ? ಕೈ ಹೇಳುವುದನ್ನು ಮನಸ್ಸೂ ಹೇಳಬಲ್ಲುದಾದರೆ ಎರೆಯಬಹುದೆಂದು ನನಗೆ ತೋರುತ್ತದೆ. ಹಿರಿಯರ ವಿಷಯದ ಕೃತಜ್ಞತೆಯು ಯಾವ ಒಂದು ಮತದ ಸೊತ್ತೂ ಅಲ್ಲ. ಪ್ರೀತಿಯಿಂದ ಕರೆದಾಗ ಅದಕ್ಕೆ ಹಿಂಜರಿಯಬೇಕಾಗಿಲ್ಲ. ಮನಸ್ಸು ಒಪ್ಪದೆಡೆಯಲ್ಲಿ ತಲೆಬಾಗಿ ಮೌನವಾಗಿ ನಿಲ್ಲುವುದೂ ಗೌರವವೇ. ಕೇವಲ ಛಾಯಾಚಿತ್ರಕ್ಕಾಗಿ ನೀರೆರೆಯುವುದು ಮಾತ್ರ ಹಿರಿಯರಿಗೂ ತನಗೂ ಮಾಡುವ ವಂಚನೆ.

ಈ ಹಬ್ಬದಲ್ಲಿ ಇನ್ನೊಂದು ಆಚಾರವುಂಟು. ವರ್ಷವಿಡೀ ವಿಹಾರಕ್ಕೆ ಬಂದುಹೋಗುವವರ ಕಾಲಿಗಂಟಿ ಅಲ್ಲಿನ ಮಣ್ಣು ಹೊರಗೆ ಹೋಗುತ್ತದೆ. ಆ ಋಣವನ್ನು ತೀರಿಸಲೆಂದು ಜನರು ಮರಳನ್ನು ಹೊತ್ತುತಂದು ಅಂಗಳದಲ್ಲಿ ಸಣ್ಣ ಸ್ತೂಪಗಳನ್ನು ಕಟ್ಟುತ್ತಾರೆ. ಅರಿಯದೆ ಒಯ್ದುದನ್ನು ಅರಿತು ಹಿಂದಿರುಗಿಸಬೇಕೆಂಬುದು ಇದರ ತಾತ್ಪರ್ಯ. ಯಾತ್ರಿಕನೂ ಬರಿಗೈಯಲ್ಲಿ ಮರಳುವುದಿಲ್ಲ; ಸಂತೋಷವನ್ನೂ ನೆನಪನ್ನೂ ಒಯ್ಯುತ್ತಾನೆ. ಅವನು ಆ ಋಣವನ್ನು ತೀರಿಸುವ ಬಗೆ ಹೇಗೆ? ಬೀದಿಯ ಕೋಲಾಹಲವನ್ನಷ್ಟೇ ವರ್ಣಿಸದೆ, ಮಲ್ಲಿಗೆಯ ನೀರಿಗೆ ಒಡ್ಡಿದ ಮುದಿ ಅಂಗೈಗಳನ್ನೂ ಕುರಿತು ನಾಲ್ಕು ಜನಕ್ಕೆ ಹೇಳಬೇಕು. ತನ್ನ ಊರಿನ ಹಬ್ಬಕ್ಕೆ ಬಂದ ಪರಸ್ಥಳದವನಿಗೂ ಹಾಗೆಯೇ ಬಾಗಿಲು ತೆರೆಯಬೇಕು. ನೆರೆಭಾಷೆಯವರ ಹಬ್ಬಗಳ ನಡುವೆ ಬಾಳುವ ಗಡಿನಾಡಿನ ನಮಗೆ, ಈ ಪಾಠವನ್ನು ಅಭ್ಯಾಸಮಾಡಲು ಪಕ್ಕದ ಮನೆಯವರೆಗೆ ಹೋದರೆ ಸಾಕು.