ಸೆನ್ಸರ್ ಹೇಳಿದ್ದು ಸುಳ್ಳೆ?

ಹಿರಿಯೂರು ದಾಟಿ ಚಿತ್ರದುರ್ಗದತ್ತ ಸಾಗುವ ಹೆದ್ದಾರಿಯಲ್ಲಿ ಟರ್ಬೊ ಪೆಟ್ರೋಲ್ ಕಾರೊಂದರ ಪಿಕಪ್ ಕುಗ್ಗಿತು, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು ಎನ್ನೋಣ. ದುರ್ಗದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0171 ಎಂಬ ಕೋಡ್ ಬರುತ್ತದೆ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಸುದ್ದಿ ತಂದದ್ದು ಆಕ್ಸಿಜನ್ ಸೆನ್ಸರ್. ಪಕ್ಕದಲ್ಲಿ ನಿಂತವರು ಯಾರಾದರೂ ಥಟ್ಟನೆ ಹೇಳಿಬಿಡುತ್ತಾರೆ: "ಸೆನ್ಸರ್ ಹೋಗಿದೆ ಅಣ್ಣ, ಚೇಂಜ್ ಮಾಡಿಸಿಬಿಡಿ."

ಕೋಡ್ ಹಾಗೆಂದು ಹೇಳಿಲ್ಲ. ಗಾಳಿ ಹೆಚ್ಚಿದೆ ಎಂದಷ್ಟೇ ಹೇಳಿದೆ. ಆ ಮಾತು ನಿಜವಿರಬಹುದು. ಹೇಳಿದವನ ಕಣ್ಣೇ ಮಂಜಾಗಿರಲೂಬಹುದು. ಎರಡರಲ್ಲಿ ಯಾವುದೆಂದು ತಿಳಿಯುವುದು ಹೇಗೆ? ಜ್ಞಾನ ತನ್ನ ಸತ್ಯವನ್ನು ತಾನೇ ಹೊತ್ತು ತರುತ್ತದೆಯೆ, ಇಲ್ಲ ಹೊರಗಿನಿಂದ ಯಾರಾದರೂ ಅದಕ್ಕೆ ಮುದ್ರೆ ಒತ್ತಬೇಕೆ? ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದ ಹೂಡಿದ್ದು ಈ ಪ್ರಶ್ನೆಯ ಮೇಲೆಯೇ. ತಾನೇ ತರುತ್ತದೆ ಎಂಬ ಮೀಮಾಂಸಕರ ಪಕ್ಷ ಸ್ವತಃಪ್ರಾಮಾಣ್ಯ, ಹೊರಗಿನ ಮುದ್ರೆ ಬೇಕೆಂಬ ನೈಯಾಯಿಕರದು ಪರತಃಪ್ರಾಮಾಣ್ಯ. ವಾದದ ಬೇರು ಇದ್ದದ್ದು ಧರ್ಮದಲ್ಲಿ: ವೇದದ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ವೇದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಕರ್ತೃವಿನ ದೋಷವೂ ಅದಕ್ಕಿಲ್ಲ ಎಂದರು ಮೀಮಾಂಸಕರು. ಹೇಳಿದವನು ನಂಬಿಕಸ್ತ, ಅಂದರೆ ಈಶ್ವರ, ಅದಕ್ಕೇ ನಂಬಬೇಕು ಎಂದರು ನೈಯಾಯಿಕರು. ಮಾತಿಗಿಂತ ಮೊದಲು ಮಾತಾಡಿದವರನ್ನು ವಿಚಾರಿಸುವ ಈ ಪರಿಪಾಠ ಎಂಜಿನ್ ಕೆಲಸದಲ್ಲಿ ಎಷ್ಟು ದೂರ ಬರುತ್ತದೆ ಎಂಬುದನ್ನು ನೋಡಬೇಕು.

ಸೆನ್ಸರ್ ನೋಡಲು ಸ್ಪಾರ್ಕ್ ಪ್ಲಗ್ಗಿನ ಹಾಗಿರುತ್ತದೆ, ತಲೆಯನ್ನು ಹೊಗೆಯ ಪೈಪಿನೊಳಗೆ ತೂರಿಸಿಕೊಂಡು ಕೂತಿರುತ್ತದೆ. ಟರ್ಬೊ ಕಾರಿನಲ್ಲಿ ಸಾಮಾನ್ಯವಾಗಿ ಅದರ ಜಾಗ ಟರ್ಬೈನಿನ ಆಚೆಗೆ, ಏಕೆಂದರೆ ಈಚೆಗೆ ಒತ್ತಡವೂ ಕಾವೂ ವಿಪರೀತ. ಬಾಷ್ ಕಂಪನಿಯ ಈ ಉಪಕರಣ 1976ರಲ್ಲಿ ಮೊದಲು ಕೂತದ್ದು ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೊ ಕಾರುಗಳಲ್ಲಿ. ಒಳಗಿರುವುದು ಜಿರ್ಕೋನಿಯಂ ಡೈಆಕ್ಸೈಡಿನ ಪಿಂಗಾಣಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವು ಏರಿದ ಮೇಲಷ್ಟೇ ಅದು ಕೆಲಸಕ್ಕೆ ಇಳಿಯುತ್ತದೆ. ಅದಕ್ಕೆಂದೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ. ಪೆಟ್ರೋಲ್ ಹೆಚ್ಚಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ 0.9 ವೋಲ್ಟಿನ ಆಸುಪಾಸು, ಗಾಳಿ ಹೆಚ್ಚಾಗಿ ಆಮ್ಲಜನಕ ಮಿಕ್ಕರೆ 0.1 ವೋಲ್ಟಿನ ಆಸುಪಾಸು ತೋರಿಸುತ್ತದೆ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬ ಹದದಲ್ಲಿ ಈ ಅಂಕಿ 0.45ರ ಸುತ್ತ ತೂಗಾಡುತ್ತದೆ. ಈಚಿನ ಅನೇಕ ಟರ್ಬೊ ಕಾರುಗಳಲ್ಲಿರುವ ವೈಡ್‌ಬ್ಯಾಂಡ್ ಸೆನ್ಸರ್ ಹೆಚ್ಚೋ ಕಡಿಮೆಯೋ ಎಂಬುದರ ಜೊತೆಗೆ ಎಷ್ಟು ಎಂಬುದನ್ನೂ ಹೇಳುತ್ತದೆ.

ಇದರ ರಚನೆಯಲ್ಲಿ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಪಿಂಗಾಣಿಯ ಒಂದು ಮಗ್ಗುಲಿಗೆ ಹೊಗೆ, ಮತ್ತೊಂದು ಮಗ್ಗುಲಿಗೆ ಹೊರಗಿನ ಶುದ್ಧ ಗಾಳಿ. ಎರಡರ ಆಮ್ಲಜನಕದ ವ್ಯತ್ಯಾಸದಿಂದಲೇ ವಿದ್ಯುತ್ತು ಹುಟ್ಟುವುದು. ಹೊಗೆಯನ್ನು ಹೊಗೆಯಿಂದಲೇ ಅಳೆಯಲು ಅದಕ್ಕೆ ಬರುವುದಿಲ್ಲ. ಹಲವು ಸೆನ್ಸರ್‌ಗಳಲ್ಲಿ ಆ ಹೊರಗಾಳಿ ಬರುವುದು ವೈರಿನ ಕವಚದೊಳಗಿನ ಸಣ್ಣ ಸಂದಿಯಿಂದ. ಕಪ್ಲರಿಗೆ ಗ್ರೀಸ್ ಮೆತ್ತಿದರೆ, ವೈರು ಕತ್ತರಿಸಿ ಬೆಸುಗೆ ಹಾಕಿದರೆ ಆ ಉಸಿರೇ ಕಟ್ಟಿಹೋಗಬಹುದು. ಆಗ ಪಿಂಗಾಣಿ ಚೆನ್ನಾಗಿದ್ದೂ ಅದರ ಮಾತು ತಪ್ಪುತ್ತದೆ. ಪ್ರಮಾಣ ಎನಿಸಿಕೊಳ್ಳುವ ವಸ್ತುವಿಗೂ ತನ್ನಾಚೆ ಒಂದು ಆಧಾರ ಬೇಕು ಎಂಬ ನೈಯಾಯಿಕರ ವಾದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಸುಲಭಕ್ಕೆ ಸಿಗುವುದಿಲ್ಲ.

ಏಳನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಎದುರು ಪಕ್ಷದವನು. ಹುಟ್ಟಿದ ಜ್ಞಾನವನ್ನು ಸತ್ಯವೆಂದೇ ಹಿಡಿಯಬೇಕು, ಅದನ್ನು ಕೆಳಗಿಳಿಸಲು ಎರಡೇ ಕಾರಣಗಳು ಸಾಕಾದಾವು ಎಂದು ಆತ ಶ್ಲೋಕವಾರ್ತಿಕದಲ್ಲಿ ವಾದಿಸುತ್ತಾನೆ. ಒಂದು, ಅದಕ್ಕೆ ವಿರುದ್ಧವಾದ ಬಲವಾದ ಜ್ಞಾನ ಬಂದು ಬಾಧಿಸಬೇಕು. ಇನ್ನೊಂದು, ಆ ಜ್ಞಾನ ಹುಟ್ಟಿಸಿದ ಕರಣದಲ್ಲಿ, ಅಂದರೆ ಸಾಧನದಲ್ಲಿ, ದೋಷ ಕಾಣಬೇಕು. ಕಾಮಾಲೆಯವನಿಗೆ ಶಂಖ ಹಳದಿಯಾಗಿ ಕಾಣುತ್ತದೆ. ಪಿತ್ತ ಗೊತ್ತಾದ ಮೇಲೆ ಶಂಖದ ಬಣ್ಣದ ಮೇಲೆ ಜಗಳವಿಲ್ಲ. ಎರಡರಲ್ಲೊಂದೂ ಇಲ್ಲದೆ ಬರೀ ಇರಬಹುದು ಎಂಬ ಗುಮಾನಿಯಿಂದ ಜ್ಞಾನವನ್ನು ತಳ್ಳಿಹಾಕುವಂತಿಲ್ಲ.

ಒಳ್ಳೆಯ ಮೆಕ್ಯಾನಿಕ್ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಎಂಜಿನ್ ಚಾಲೂ ಇರುವಾಗ ಗಾಳಿಯ ದಾರಿಯಲ್ಲಿ ಒಂಚೂರು ಕಾರ್ಬ್ ಕ್ಲೀನರ್ ಬಿಡುತ್ತಾನೆ. ಇಂಧನ ಹೆಚ್ಚಾದದ್ದು ಅವನಿಗೆ ಖಚಿತ. ಸೆನ್ಸರಿನ ಅಂಕಿ ಆಗ ಮೇಲೇರಬೇಕು. ಯಾವುದಾದರೂ ವ್ಯಾಕ್ಯೂಮ್ ಪೈಪ್ ಕಳಚಿದರೆ ಇಳಿಯಬೇಕು. ಎರಡಕ್ಕೂ ಅಲುಗದೆ ಕೂತರೆ ಬಾಧಕ ಸಿಕ್ಕಿತು. ಮಲ್ಟಿಮೀಟರ್ ಹಿಡಿದು ಹೀಟರಿನ ರೆಸಿಸ್ಟೆನ್ಸ್ ನೋಡುವುದು, ಫ್ಯೂಸ್ ನೋಡುವುದು ಕರಣದೋಷದ ಹುಡುಕಾಟ. ಪಿ0135 ಎಂಬ ಕೋಡ್ ಬಂದಿದ್ದರೆ ದೂರು ಹೀಟರಿನ ಸರ್ಕ್ಯೂಟಿನದು, ಅಲ್ಲಿಂದಲೇ ಶುರು ಮಾಡಬಹುದು. ಸೆನ್ಸರ್ ಎರಡೂ ಪರೀಕ್ಷೆಗಳಲ್ಲಿ ಪಾಸಾದರೆ ಅದು ಹೇಳಿದ್ದನ್ನು ನಂಬಿ ಮುಂದಕ್ಕೆ ಹೋಗಬೇಕು: ಗಾಳಿ ನಿಜವಾಗಿಯೂ ಹೆಚ್ಚಿದೆ. ಎಲ್ಲಿಂದ?

ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಈ ಪ್ರಶ್ನೆಗೆ ಮಣ್ಣಿನ ಬಣ್ಣದ ಉತ್ತರವೊಂದಿದೆ. ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಕೆಂಪು ಧೂಳು ತಪ್ಪಿದ್ದಲ್ಲ. ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ ಆ ನುಣುಪು ಧೂಳು ಒಳಗೆ ಹೋಗಿ ಗಾಳಿ ಅಳೆಯುವ ಮತ್ತೊಂದು ಸೆನ್ಸರಿನ ಮೇಲೆ ಕೂರುತ್ತದೆ. ಅದು ಬಂದ ಗಾಳಿಯನ್ನು ಕಡಿಮೆ ಎಂದು ವರದಿ ಮಾಡುತ್ತದೆ, ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಬಿಡುತ್ತದೆ, ಕೊನೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಗಾಳಿ ಜಾಸ್ತಿಯಾಯಿತು ಎಂದು ಕೂಗುತ್ತದೆ. ತಪ್ಪು ಹೇಳಿದ್ದು ಬಾಗಿಲಲ್ಲಿ ನಿಂತವನು, ಕೆಲಸದಿಂದ ತೆಗೆಸಿಕೊಳ್ಳುವುದು ಹಿತ್ತಲಲ್ಲಿ ನಿಂತು ನಿಜ ಹೇಳಿದವನು. ಇದು ಅನ್ಯಾಯ ಎನ್ನದೆ ಬೇರೆ ಮಾತಿಲ್ಲ. ಹೊಸ ಸೆನ್ಸರ್ ಹಾಕಿದರೂ ಅದೇ ದೀಪ ಮತ್ತೆ ಹೊತ್ತಿದಾಗ ದುಡ್ಡು ಕಳೆದುಕೊಂಡವರಿಗೆ ಆ ಅನ್ಯಾಯದ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಸಂದರ್ಭ ಇದಕ್ಕಿಂತ ಸೂಕ್ಷ್ಮ. ಹೊಗೆಯ ಪೈಪಿನಲ್ಲಿ ಸೆನ್ಸರಿಗಿಂತ ಮುಂಚೆ ಒಂದು ಬಿರುಕಿದೆ, ಇಲ್ಲವೆ ಟರ್ಬೊ ಜೋಡಣೆಯ ಗ್ಯಾಸ್ಕೆಟ್ ಸೀಳಿದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಹೊಗೆಯ ಏರಿಳಿತದ ನಡುವೆ ಹೊರಗಿನ ಗಾಳಿ ಆ ಬಿರುಕಿನಿಂದ ಒಳಸೇರುತ್ತದೆ. ಸೆನ್ಸರಿಗೆ ಆಮ್ಲಜನಕ ಕಾಣುತ್ತದೆ, ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತದೆ. ಆದರೆ ಅದು ಎಂಜಿನ್ನಿನಿಂದ ಬಂದ ಆಮ್ಲಜನಕವಲ್ಲ. ಕಂಪ್ಯೂಟರ್ ಸುಮ್ಮಸುಮ್ಮನೆ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಇಲ್ಲಿ ಸಾಕ್ಷಿಯೂ ಪ್ರಾಮಾಣಿಕ, ಮಾತೂ ನಿಜ, ನಿರ್ಣಯ ಮಾತ್ರ ತಪ್ಪು.

ಅಪರೂಪದ ಸುದ್ದಿಯನ್ನು ಸುಳ್ಳೆಂದು ಬಗೆಯುವುದು ಮನುಷ್ಯಸಹಜ. ಹಿರಿಯೂರಿನ ಜನಕ್ಕೆ ಇದರ ಅನುಭವವಿದೆ. ವೇದಾವತಿಗೆ ಕಟ್ಟಿದ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಮೂರು ತಲೆಮಾರು ಕಾಣದ ಅಂಕಿಯನ್ನು ಅಳತೆಪಟ್ಟಿ ತೋರಿಸಿತು, ತೋರಿಸಿದ್ದು ನಿಜವೇ ಆಗಿತ್ತು. ಕಾರಿನಲ್ಲೂ ಹೀಗಾಗುತ್ತದೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಇಂಧನದೊಳಗೇ ಆಮ್ಲಜನಕವಿದೆ. ಅದರ ಹದ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಪೆಟ್ರೋಲಿಗೆ ಹೊಂದಿಕೊಂಡ ಕಾರಿನ ಸೆನ್ಸರ್ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದರೆ ಅದು ರೋಗವಲ್ಲ, ಅದರ ಕೆಲಸ.

ಹಾಗಾದರೆ ಪರೀಕ್ಷಿಸುವ ಸ್ಕ್ಯಾನರನ್ನು ಪರೀಕ್ಷಿಸುವವರು ಯಾರು, ಮಲ್ಟಿಮೀಟರನ್ನು? ಒಂದಕ್ಕೊಂದು ಸಾಕ್ಷಿ ಕೇಳುತ್ತ ಹೋದರೆ ಕೊನೆಯಿಲ್ಲ. ಮೂರು ನಾಲ್ಕು ಜ್ಞಾನಗಳ ಆಚೆ ಹುಡುಕಬೇಕಿಲ್ಲ ಎಂದ ಕುಮಾರಿಲ. ಉಡುಪಿಯ ಮಧ್ವಾಚಾರ್ಯರು ಹದಿಮೂರನೇ ಶತಮಾನದಲ್ಲಿ ಬೇರೆ ನೆಲೆ ಹಿಡಿದರು: ಮನಸ್ಸೂ ಇಂದ್ರಿಯಗಳೂ ತಪ್ಪಬಹುದು, ಆತ್ಮಸ್ವರೂಪವೇ ಆದ ಸಾಕ್ಷಿ ತಪ್ಪುವುದಿಲ್ಲ, ಶಂಕೆ ಅಲ್ಲಿಗೆ ನಿಲ್ಲುತ್ತದೆ. ಯಂತ್ರಕ್ಕೆ ಅಂಥ ಸಾಕ್ಷಿಯಿಲ್ಲ. ಆದ್ದರಿಂದ ಗ್ಯಾರೇಜಿಗೆ ಹೆಚ್ಚು ಒದಗುವವನು ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ. ಜ್ಞಾನ ನಿಜವೋ ಅಲ್ಲವೋ ಎಂಬುದು ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ ತಿಳಿಯುತ್ತದೆ ಎಂಬುದು ಅವನ ಪಕ್ಷ. ನೀರು ಕಂಡಿತು, ಹೋದೆವು, ಕುಡಿದೆವು, ದಾಹ ಇಂಗಿತು.

ಈ ಬರದ ನಾಡಿನಲ್ಲಿ ನೀರಿನ ಉದಾಹರಣೆ ಪುಸ್ತಕದ್ದಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದು, ಕಾಯಿ ಎದ್ದು ನಿಂತಲ್ಲಿ ಬೋರ್‌ವೆಲ್ ಪಾಯಿಂಟ್ ಗುರುತಿಸುವವರು ಇಲ್ಲಿ ಇದ್ದಾರೆ. ದೇವರಲ್ಲಿ ಹೂ ಕೇಳಿ ಕೆಲಸ ಶುರುಮಾಡುವ ಮನೆಗಳೂ ಇವೆ. ಹೂ ಕೇಳುವವರು ಮಿಂದು, ಮಡಿಯಲ್ಲಿ, ಉಪವಾಸವಿದ್ದು, ಒಂದೇ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತಾರೆ. ಕೇಳುವ ಮೊದಲು ಕೇಳುವವನು ಶುದ್ಧನಾಗಬೇಕೆಂಬ ಈ ಎಚ್ಚರ ಕರಣದೋಷದ ಭಯದಿಂದಲೇ ಬಂದದ್ದು, ಅದು ಗೌರವಕ್ಕೆ ಅರ್ಹ. ಕೊರತೆ ಇರುವುದು ಆಮೇಲೆ. ನೀರು ಬಿದ್ದ ಬೋರು ಊರಿಗೆಲ್ಲ ನೆನಪಿರುತ್ತದೆ, ಬೀಳದ್ದು ಸಾಲ ಮಾಡಿದವನಿಗೆ ಮಾತ್ರ. ಫಲಿಸದೆ ಹೋದದ್ದನ್ನೂ ಲೆಕ್ಕಕ್ಕೆ ಹಿಡಿಯದ ನಂಬಿಕೆ ವಾತ್ಸ್ಯಾಯನನ ಪರೀಕ್ಷೆಯಲ್ಲಿ ನಿಲ್ಲದು.

ಸಾಕ್ಷಿಯ ಬಾಯಿ ಮುಚ್ಚಿಸುವ ದಾರಿಯೂ ಇದೆ. ಸೆನ್ಸರಿಗೂ ಪೈಪಿಗೂ ನಡುವೆ ತುಂಡೊಂದನ್ನು ಸೇರಿಸಿ, ಇಲ್ಲವೆ ಸಾಫ್ಟ್‌ವೇರ್ ತಿದ್ದಿ ದೀಪ ಹೊತ್ತದಂತೆ ಮಾಡುವವರಿದ್ದಾರೆ. ಹುಸಿಯ ನುಡಿಯನ್ನು ಶರಣರು ಪಾಪವೆಂದರು. ನಿಜ ಹೇಳುವ ಉಪಕರಣಕ್ಕೆ ಹುಸಿ ಕಲಿಸುವುದನ್ನು ಬೇರೆ ತಕ್ಕಡಿಯಲ್ಲಿ ತೂಗಲಾಗದು. ಅದರ ಹೊಗೆ ಕುಡಿಯುವವರು ಹಿಂದೆ ಬರುವ ಬೈಕಿನವರು, ರಸ್ತೆ ಬದಿಯ ಅಂಗಡಿಯವರು. ಟರ್ಬೊ ಎಂಜಿನ್ನಿಗೂ ಇದು ಅಪಾಯ: ಒತ್ತಡದಲ್ಲಿ ಗಾಳಿ ತುಂಬುವಾಗ ಪೆಟ್ರೋಲ್ ಸಾಲದಿದ್ದರೆ ನಾಕಿಂಗ್ ಶುರುವಾಗಿ ಪಿಸ್ಟನ್ನಿಗೇ ಪೆಟ್ಟು ಬೀಳಬಹುದು.

ಪರೀಕ್ಷೆಯಲ್ಲಿ ಸೋತ ಸೆನ್ಸರನ್ನು ಬದಲಿಸಲೇಬೇಕು. ಎಂಜಿನ್ ತುಸು ಬೆಚ್ಚಗಿರುವಾಗ, ವೈರಿಗೆ ಸೀಳು ಬಿಟ್ಟ ಸಾಕೆಟ್ ಹಾಕಿ ಬಿಚ್ಚಿದರೆ ಥ್ರೆಡ್ ಉಳಿಯುತ್ತದೆ. ಹೊಸದರ ತುದಿಗೆ ಎಣ್ಣೆಗೈ ತಾಗಬಾರದು. ಹಳೆಯದನ್ನು ಗುಜರಿಗೆ ಎಸೆಯುವ ಮೊದಲು ಅದರ ತುದಿ ನೋಡಬೇಕು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಉರಿದಿದೆ. ಬಿಳಿ ಪದರವಿದ್ದರೆ ಸಿಲಿಕಾನ್ ಸೀಲಂಟ್ ಅಥವಾ ಕೂಲಂಟ್ ಸೋರಿರಬಹುದು. ಕಂದು ಬೂದಿ ಕಟ್ಟಿದ್ದರೆ ಟರ್ಬೊ ಸೀಲ್ ದಾಟಿ ಆಯಿಲ್ ಬರುತ್ತಿರಬಹುದು, ಅದನ್ನು ಹಾಗೇ ಬಿಟ್ಟರೆ ಹೊಸ ಸೆನ್ಸರಿಗೂ ಅದೇ ಗತಿ.

ಕೋಡ್ ಅಳಿಸಿದ ಮೇಲೆ ಕಾರಿನ ಕಂಪ್ಯೂಟರ್ ತನ್ನ ತಪಾಸಣೆಗಳನ್ನೆಲ್ಲ ಮೊದಲಿನಿಂದ ನಡೆಸುತ್ತದೆ. ತಣ್ಣಗಿನ ಎಂಜಿನ್ನಿನಿಂದ ಶುರುವಾಗಿ, ಸ್ವಲ್ಪ ದೂರ ಒಂದೇ ವೇಗ, ಸ್ವಲ್ಪ ಏರು, ಸ್ವಲ್ಪ ನಿಲುಗಡೆ ಎಲ್ಲ ಆಗಬೇಕು. ಅದಕ್ಕೇ, "ಹೊಸದುರ್ಗದ ತನಕ ಹೋಗಿ ಬನ್ನಿ ಸಾರ್, ಮತ್ತೊಂದ್ಸಲ ಸ್ಕ್ಯಾನರ್ ಹಾಕೋಣ" ಎನ್ನುವ ಮೆಕ್ಯಾನಿಕ್ ಕಾಲ ಕಳೆಯುತ್ತಿಲ್ಲ. ಹಾಗೆ ಹೋಗಿ ಬಂದ ಕಾರಿನಲ್ಲಿ ಕಂಪ್ಯೂಟರ್ ಮಾಡುವ ಪೆಟ್ರೋಲ್ ತಿದ್ದುಪಡಿಯ ಅಂಕಿ ಸೊನ್ನೆಯ ಸಮೀಪಕ್ಕೆ ಇಳಿದಿದೆಯೇ ಎಂದು ನೋಡುವ ತನಕ, ಕೆಟ್ಟದ್ದು ಸೆನ್ಸರೇ ಹೌದೇ ಎಂಬುದು ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ.