ಉಸಿರಿನ ಪರಿಗ್ರಹ

ಪರಿಗ್ರಹಪರಿಮಾಣ ವ್ರತವನ್ನು ವಿವರಿಸುವಾಗ ನಾವು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳನ್ನು ಎಣಿಸುತ್ತೇವೆ. ಗಾಳಿಯನ್ನು ಆ ಪಟ್ಟಿಯಲ್ಲಿ ಯಾರೂ ಸೇರಿಸಿಲ್ಲ. ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವ ವಸ್ತುವನ್ನು ಕೂಡಿಡುವವರಾರು? ಈ ಪ್ರಶ್ನೆಗೆ 2021ರ ಮೇ ತಿಂಗಳಲ್ಲಿ ನನಗೆ ಉತ್ತರ ದೊರೆಯಿತು. ಕೂಡಿಟ್ಟವನು ನಾನೇ ಆಗಿದ್ದೆ.

ಅದನ್ನು ಹೇಳುವ ಮುನ್ನ ಆಮ್ಲಜನಕದ ಸ್ವಭಾವವನ್ನು ತುಸು ನೋಡೋಣ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು 1771ರಲ್ಲಿ, ಉರಿದು ಕೆಟ್ಟ ಗಾಳಿಯಿದ್ದ ಮುಚ್ಚಿದ ಪಾತ್ರೆಯೊಳಗೆ ಪುದೀನದ ರೆಂಬೆಯನ್ನಿರಿಸಿದನು. ಕೆಲವು ದಿನಗಳ ಬಳಿಕ ಆ ಗಾಳಿಯಲ್ಲಿ ಮೇಣದ ಬತ್ತಿ ಮತ್ತೆ ಉರಿಯಿತು, ಇಲಿಯೂ ಬದುಕಿತು. (ಇಂತಹ ಪ್ರಯೋಗಗಳಲ್ಲಿ ಉಸಿರುಗಟ್ಟಿ ಸತ್ತ ಇಲಿಗಳೂ ಇವೆ. ಆ ಮೂಕಪ್ರಾಣಿಗಳ ಋಣವನ್ನು ವಿಜ್ಞಾನದ ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆದಿಡುವುದಿಲ್ಲ.) ಮುಂದೆ ಫ್ರಾನ್ಸಿನ ಲವಾಸಿಯೇ ಈ ಅನಿಲಕ್ಕೆ ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಹೆಸರನ್ನಿಟ್ಟನು. ಆಮ್ಲಗಳೆಲ್ಲಕ್ಕೂ ಇದೇ ಮೂಲವೆಂಬ ಅವನ ಊಹೆ ತಪ್ಪಾಗಿತ್ತು. ಆ ತಪ್ಪು ನಮ್ಮ 'ಆಮ್ಲಜನಕ'ದಲ್ಲಿಯೂ ಉಳಿದಿದೆ. ಪ್ರಾಣವಾಯು ಎಂಬ ಮಾತೇ ಹೆಚ್ಚು ಸರಿ.

ನಮ್ಮ ಆಗಮಗಳು ಹತ್ತು ಪ್ರಾಣಗಳನ್ನು ಹೇಳುತ್ತವೆ. ಏಕೇಂದ್ರಿಯ ಜೀವಕ್ಕೂ ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸಗಳೆಂಬ ನಾಲ್ಕು ಪ್ರಾಣಗಳುಂಟು. ಗಿಡವೂ ಹಗಲಿರುಳು ಆಮ್ಲಜನಕವನ್ನು ಬಳಸಿಯೇ ಬದುಕುತ್ತದೆ. ಬಿಸಿಲಿನಲ್ಲಿ ತಾನು ಬಳಸುವುದಕ್ಕಿಂತ ಹೆಚ್ಚು ಹೊರಬಿಡುತ್ತದೆ. ಪೂರ್ವಾಚಾರ್ಯರು ರಸಾಯನಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸುವ ಚಪಲ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಗಿಡದ ಉಸಿರನ್ನೂ ಅವರು ಪ್ರಾಣವೆಂದು ಎಣಿಸಿದರು ಎಂಬಷ್ಟೇ ನನಗೆ ಸಾಕು.

ವ್ಯಾಪಾರಿಯಾದ ನನ್ನನ್ನು ಸೋಜಿಗಗೊಳಿಸಿದ ಸಂಗತಿ ಬೇರೆ. ಅನ್ನವನ್ನು ದೇಹ ಕೊಬ್ಬಾಗಿ ತಿಂಗಳುಗಟ್ಟಲೆ ಕೂಡಿಡಬಲ್ಲುದು. ನೀರಿಲ್ಲದೆ ಕೆಲವು ದಿನಗಳನ್ನು ಕಳೆಯಬಹುದು. ಸುಮ್ಮನೆ ಕುಳಿತಿರುವ ಮನುಷ್ಯನೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ಬಳಸುತ್ತಾನೆ. ಆದರೆ ಅವನ ದೇಹದಲ್ಲಿರುವ ಒಟ್ಟು ದಾಸ್ತಾನು ಒಂದೂವರೆ ಲೀಟರಿನಷ್ಟು ಮಾತ್ರ. ನಾಲ್ಕೈದು ನಿಮಿಷ ಸರಬರಾಜು ನಿಂತರೆ ಮಿದುಳಿಗೆ ಹಾನಿ. ಒಳಗೆಳೆದ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದ್ದರೆ, ಹೊರಬಿಟ್ಟ ಗಾಳಿಯಲ್ಲಿ ಸುಮಾರು 16 ಪಾಲು ಇನ್ನೂ ಉಳಿದಿರುತ್ತದೆ. ಇನ್ನು ಅತಿಯಾಗಿ ಕೊಟ್ಟರೂ ಕೇಡೇ. 1940ರ ದಶಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಒಳಿತೆಂದು ತಿಳಿದು ಧಾರಾಳವಾಗಿ ಆಮ್ಲಜನಕ ಕೊಟ್ಟಾಗ ಬಹಳ ಮಕ್ಕಳು ಕುರುಡಾದರು. ಕಾರಣ ಖಚಿತವಾದದ್ದು 1950ರ ದಶಕದಲ್ಲಿ.

ದೇಹ ಕೂಡಿಡಲಾರದ ಈ ವಸ್ತುವನ್ನು ಕಬ್ಬಿಣದ ಸಿಲಿಂಡರಿನಲ್ಲಿ ಕೂಡಿಡಬಹುದು. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಆಸ್ಪತ್ರೆಗಳ ಬಾಗಿಲಲ್ಲಿ ಜನ ಉಸಿರಿಲ್ಲದೆ ಸತ್ತರು. ಕಾರ್ಖಾನೆಗಳ ಆಮ್ಲಜನಕವನ್ನು ಸರ್ಕಾರ ಆಸ್ಪತ್ರೆಗಳ ಕಡೆಗೆ ತಿರುಗಿಸಬೇಕಾಯಿತು. ಆಗ ನನ್ನ ಪತ್ನಿಗೆ ಕೋವಿಡ್ ತಗುಲಿ ರಕ್ತದ ಆಮ್ಲಜನಕದ ಮಟ್ಟ 92ಕ್ಕೆ ಇಳಿಯಿತು. ಕಬ್ಬಿಣದ ವ್ಯಾಪಾರದಲ್ಲಿರುವ ನನಗೆ ಗ್ಯಾಸ್ ಕಟಿಂಗ್ ಮಾಡುವವರ ಪರಿಚಯವಿತ್ತು. ಅವರ ಮೂಲಕ ತುಂಬಿದ ಎರಡು ಸಿಲಿಂಡರುಗಳನ್ನು ತರಿಸಿದೆ. ಮೊದಲನೆಯದರಲ್ಲಿ ಅರ್ಧವೂ ಖರ್ಚಾಗಲಿಲ್ಲ. ಮೂರನೆಯ ದಿನ ಮಟ್ಟ 96ಕ್ಕೆ ಏರಿತು.

ಗುರುವಾರ ಬೆಳಿಗ್ಗೆ ನೆರೆಮನೆಯ ಹುಡುಗ ಗೇಟಿನಾಚೆ ನಿಂತು, "ಕಾಕಾ, ಅಪ್ಪಾಗ ದಮ್ಮು ಹತ್ತೇದ. ಒಂದು ಸಿಲಿಂಡರ್ ಇದ್ರ ಕೊಡ್ರಿ" ಎಂದನು. ನಿಮ್ಮ ಕಾಕೂಗೂ ಇನ್ನೂ ಬೇಕಾಗಬಹುದು, ನಾಳೆ ನೋಡೋಣ ಎಂದೆ. ಶನಿವಾರ ಕೊಟ್ಟೆ. ಎರಡನೆಯದರ ಮುದ್ರೆಯನ್ನು ಅಲ್ಲಿಯವರೆಗೆ ಒಡೆದಿರಲೇ ಇಲ್ಲ.

ಅದರಲ್ಲಿ ಏಳು ಘನಮೀಟರ್, ಅಂದರೆ 7,000 ಲೀಟರ್ ಇತ್ತು. ನಿಮಿಷಕ್ಕೆ ಐದು ಲೀಟರಿನಂತೆ ಕೊಟ್ಟರೆ ಇಪ್ಪತ್ತಮೂರು ಗಂಟೆಗಳ ಉಸಿರು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರವು ತುಂಬಿಸುವವರಿಗೆ ನಿಗದಿಪಡಿಸಿದ್ದ ಗರಿಷ್ಠ ದರ ಘನಮೀಟರಿಗೆ ರೂ. 25.71. ತೆರಿಗೆ ಬಿಟ್ಟು ಇಡೀ ಸಿಲಿಂಡರಿನ ಅನಿಲಕ್ಕೆ ಸುಮಾರು 180 ರೂಪಾಯಿ. ನಾನು ಅದನ್ನು ಹೆಚ್ಚಿನ ಬೆಲೆಗೆ ಮಾರಲಿಲ್ಲ. ಅಷ್ಟರಿಂದಲೇ ನಿರ್ದೋಷಿಯೆಂದು ಬಹಳ ದಿನ ಭಾವಿಸಿದ್ದೆ.

ಪತ್ನಿಯ ರಕ್ಷಣೆ ಗೃಹಸ್ಥನ ಧರ್ಮವಲ್ಲವೇ ಎಂದು ವಾಚಕರು ಕೇಳಬಹುದು. ನಿಜ. ಮೂರನೆಯ ದಿನ ಸುಧಾರಿಸಿದ ರೋಗಿ ನಾಲ್ಕನೆಯ ದಿನ ಕುಸಿದ ಉದಾಹರಣೆಗಳೂ ಆಗ ಕಣ್ಣೆದುರಿಗೇ ಇದ್ದವು. ಆದ್ದರಿಂದ ಮೊದಲ ಸಿಲಿಂಡರಿನ ಬಗೆಗೆ ನನಗೆ ಪಶ್ಚಾತ್ತಾಪವಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ ಗುರುತಿಸಿದರು. ಮೂರ್ಛೆಯೆಂದರೆ ಲೋಭವೆಂದೇ ನಾನು ತಿಳಿದಿದ್ದೆ. ಭಯವೂ ಮೂರ್ಛೆಯಾಗಬಲ್ಲುದೆಂದು ಆ ಎರಡು ದಿನಗಳು ತೋರಿಸಿದವು. ಭಯದಿಂದ ಕೂಡಿಡುವವನಿಗೆ ತಾನು ಕರ್ತವ್ಯವನ್ನೇ ಮಾಡುತ್ತಿರುವೆನೆಂಬ ಸಮಾಧಾನವಿರುತ್ತದೆ. ಅದರಿಂದ ಅದನ್ನು ಗುರುತಿಸುವುದು ಹೆಚ್ಚು ಕಷ್ಟ.

ಬಸದಿಗಳ ಟ್ರಸ್ಟಿನವರಲ್ಲಿ ಒಂದು ಅರಿಕೆ. ಆ ವರ್ಷ ದಾನವಾಗಿ ಬಂದ ಆಮ್ಲಜನಕದ ಯಂತ್ರಗಳು ತಮ್ಮಲ್ಲಿದ್ದರೆ ಒಮ್ಮೆ ಕೋಣೆಯ ಬೀಗ ತೆಗೆದು ನೋಡಿರಿ. ಅವು ಕೋಣೆಯ ಗಾಳಿಯಿಂದಲೇ ಸಾರಜನಕವನ್ನು ಬೇರ್ಪಡಿಸಿ ಆಮ್ಲಜನಕವನ್ನು ಕೊಡುತ್ತವೆ, ವಿದ್ಯುತ್ತಿದ್ದರೆ ಸಾಕು. ಶ್ವಾಸಕೋಶದ ದೀರ್ಘರೋಗವುಳ್ಳವರಿಗೆ, ವೈದ್ಯರ ಚೀಟಿಯ ಮೇಲೆ, ಜಾತಿ-ಮತ ಕೇಳದೆ ಎರವಲು ಕೊಡಬಹುದು.

ನೆರೆಮನೆಯವರು ಉಳಿದುಕೊಂಡರು, ಶ್ವಾಸಕೋಶ ಮೊದಲಿನಂತಾಗಲಿಲ್ಲ. ಆ ಎರಡು ದಿನ ಮುಂಚೆ ಸಿಲಿಂಡರ್ ಸಿಕ್ಕಿದ್ದರೆ ಬೇರೆಯಾಗುತ್ತಿತ್ತೇ ಎಂದು ನಾನು ಯಾವ ವೈದ್ಯರನ್ನೂ ಕೇಳಿಲ್ಲ. ಬಸದಿಯ ಮೆಟ್ಟಿಲನ್ನೇರುವಾಗ ಅವರು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಜೊತೆಯಲ್ಲಿದ್ದರೆ ನಾನೂ ನಿಲ್ಲುತ್ತೇನೆ.